ದೀಪಸ್ತಂಭದ ಸುಂಕ, ಕಣದ ಆಯ

ಪದವಿ ತರಗತಿಯ ಅರ್ಥಶಾಸ್ತ್ರದ ಪುಸ್ತಕದಲ್ಲಿ ‘ಸಾರ್ವಜನಿಕ ಸರಕು’ ಎಂಬ ಪಾಠ ಶುರುವಾದರೆ ಮೊದಲ ಪುಟದಲ್ಲೇ ಒಂದು ದೀಪಸ್ತಂಭ ನಿಂತಿರುತ್ತದೆ. ಒಂದು ಹಡಗು ಅದರ ಬೆಳಕು ಕಂಡಿತೆಂದು ಇನ್ನೊಂದಕ್ಕೆ ಬೆಳಕು ಕಡಿಮೆಯಾಗುವುದಿಲ್ಲ. ದುಡ್ಡು ಕೊಡದ ಹಡಗಿನ ಕಣ್ಣು ಕಟ್ಟುವಂತೆಯೂ ಇಲ್ಲ. ಹೀಗಿರುವಾಗ ಯಾವ ವ್ಯಾಪಾರಿಯೂ ದೀಪಸ್ತಂಭ ಕಟ್ಟಲು ಮುಂದೆ ಬರಲಾರ, ಸರ್ಕಾರವೇ ಕಟ್ಟಬೇಕು ಎಂದು ಪಾಠ ಮುಗಿಯುತ್ತದೆ. ಅಂಜನಾಪುರದ ಕಡೆಯಿಂದ ಶಿಕಾರಿಪುರದ ಕಾಲೇಜಿಗೆ ಬರುವ ಹುಡುಗಿಯೊಬ್ಬಳಿಗೆ ದೀಪಸ್ತಂಭ ನೋಡಬೇಕೆನಿಸಿದರೆ ಘಟ್ಟ ಇಳಿದು ಕರಾವಳಿಗೆ ಹೋಗಬೇಕು; 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭದ ಬುಡದಲ್ಲಿ ನಿಂತು ತಲೆಯೆತ್ತಬೇಕು. ಆದರೆ ಆ ಪಾಠ ಕೇಳುವ ಪ್ರಶ್ನೆ ಅವಳ ಬಸ್ಸು ದಿನವೂ ಹಾದುಬರುವ ದಾರಿಯಲ್ಲೇ, ಕೆರೆ ಏರಿಗಳ ರೂಪದಲ್ಲಿ ಇದೆ. ಎಲ್ಲರಿಗೂ ಬೇಕಾದದ್ದನ್ನು ಯಾರು ಕಟ್ಟಬೇಕು, ಯಾರು ಕಾಯಬೇಕು, ಕಾಯುವವನ ಕೂಳಿಗೆ ಯಾರು ಕೊಡಬೇಕು? ಶಿಕಾರಿಪುರ, ಸೊರಬಗಳ ಜನ ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟು ಒಂದೂವರೆ ಸಾವಿರ ವರ್ಷ ಕಳೆದಿದೆ. ಆ ಉತ್ತರಗಳನ್ನು ದೀಪಸ್ತಂಭದ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಕೆರೆಗಳು ಯಾಕೆ ಅನಾಥವಾದವು ಎಂಬುದು ಸ್ಪಷ್ಟವಾಗುತ್ತದೆ ಎಂದು ನನಗೆ ಅನ್ನಿಸಿದೆ.

ಮೊದಲು ದೀಪಸ್ತಂಭದ ಕಥೆ. 1848ರಲ್ಲಿ ಜಾನ್ ಸ್ಟೂವರ್ಟ್ ಮಿಲ್ ತನ್ನ ಅರ್ಥಶಾಸ್ತ್ರ ಗ್ರಂಥದಲ್ಲಿ ಈ ಉದಾಹರಣೆಯನ್ನು ಬಳಸಿದ. ಆಮೇಲೆ ಸಿಜ್‌ವಿಕ್, ಪಿಗೂ, ಪಾಲ್ ಸ್ಯಾಮ್ಯುಯೆಲ್ಸನ್ ಅದನ್ನೇ ಕೈಯಿಂದ ಕೈಗೆ ದಾಟಿಸಿದರು. 1974ರಲ್ಲಿ ರೊನಾಲ್ಡ್ ಕೋಸ್ ಒಂದು ಸರಳ ಕೆಲಸ ಮಾಡಿದ: ಇಂಗ್ಲೆಂಡಿನ ದೀಪಸ್ತಂಭಗಳ ಹಳೆಯ ಲೆಕ್ಕಪತ್ರ ತೆಗೆದು ಓದಿದ. ಅಲ್ಲಿ ಅವನಿಗೆ ಕಂಡದ್ದು ಬೇರೆಯೇ. ದೊರೆಯಿಂದ ಸನ್ನದು ಪಡೆದ ಖಾಸಗಿ ವ್ಯಕ್ತಿಗಳು ಹತ್ತೊಂಬತ್ತನೇ ಶತಮಾನದವರೆಗೂ ದೀಪಸ್ತಂಭ ಕಟ್ಟಿ, ನಡೆಸಿ, ಹಡಗುಗಳಿಂದ ಸುಂಕ ಎತ್ತಿದ್ದರು. 1514ರಲ್ಲಿ ಸನ್ನದು ಪಡೆದ ಟ್ರಿನಿಟಿ ಹೌಸ್ ಎಂಬ ನಾವಿಕರ ಸಂಘವೂ ಈ ಕೆಲಸದಲ್ಲಿತ್ತು. 1836ರ ಕಾಯಿದೆಯ ನಂತರವೇ ಖಾಸಗಿ ದೀಪಗಳೆಲ್ಲ ಪರಿಹಾರ ಪಡೆದು ಟ್ರಿನಿಟಿ ಹೌಸ್‌ನ ಕೈಸೇರಿದವು. ಮಾರುಕಟ್ಟೆಯನ್ನು ನಂಬುವವರು ಇದರಿಂದ ಹಿಗ್ಗಿದರು. ದೀಪಸ್ತಂಭವನ್ನೂ ಖಾಸಗಿಯವರು ನಡೆಸಬಹುದಾದರೆ ಸರ್ಕಾರದ ಕೈಯಲ್ಲಿರುವ ಮಿಕ್ಕ ಕೆಲಸಗಳನ್ನು ಯಾಕೆ ನಡೆಸಬಾರದು ಎಂದು ಕೇಳಿದರು.

ಆ ಹಿಗ್ಗಿಗೆ ಆಧಾರ ಸಾಲದು. ಸುಂಕ ಎತ್ತಿದ್ದು ನಡುಗಡಲಲ್ಲಿ ಬೆಳಕು ತೋರಿಸಿ ಅಲ್ಲ. ಹಡಗು ಬಂದರಿಗೆ ಬಂದು ಲಂಗರು ಹಾಕಿದಾಗ, ಅದು ಯಾವ ಯಾವ ದೀಪಗಳನ್ನು ಹಾದು ಬಂತೆಂದು ಲೆಕ್ಕ ಹಾಕಿ, ಟನ್ನಿಗೆ ಇಷ್ಟೆಂದು ಎತ್ತುತ್ತಿದ್ದರು. ಅನೇಕ ಕಡೆ ಎತ್ತುತ್ತಿದ್ದವರು ಸುಂಕದ ಕಟ್ಟೆಯ ಅಧಿಕಾರಿಗಳೇ. ದರ ಗೊತ್ತುಮಾಡಿದ್ದು ದೊರೆಯ ಸನ್ನದು. ಕೊಡದಿದ್ದರೆ ಹಡಗನ್ನು ತಡೆಯುವ ಬಲವೂ ಅದರದೇ. ಕೋಸ್‌ನ ನಂತರ ಬಂದ ಚರಿತ್ರೆಕಾರರು ಇದನ್ನೇ ಎತ್ತಿ ಹೇಳಿದರು: ‘ಖಾಸಗಿ’ ಎನ್ನುವ ಆ ದೀಪಗಳ ಹಿಂದೆ ಪ್ರಭುತ್ವದ ಕೈ ಸದಾ ಇತ್ತು. ಆದರೂ ಕೋಸ್‌ನಿಂದ ನಾನು ಕಲಿತ ಒಂದು ಮಾತನ್ನು ಬಿಟ್ಟುಕೊಡಲಾರೆ. ಬೆಳಕನ್ನು ಅಳೆದು ಮಾರಲಾಗದು, ನಿಜ. ಬೆಳಕಿನಿಂದ ಬದುಕಿದ ಹಡಗು ಒಂದು ಕಡೆ ಬಂದು ನಿಲ್ಲಲೇಬೇಕು. ಆ ನಿಲ್ಲುವ ಜಾಗ, ಬಂದರು, ಎಲ್ಲಿದೆ ಎಂದು ಗೊತ್ತಿದ್ದರೆ ದೀಪ ಕಾಯುವವನಿಗೆ ಕೂಲಿ ಕೊಡಬಹುದು. ನಮ್ಮ ದೇಶದ 1927ರ ದೀಪಸ್ತಂಭ ಕಾಯಿದೆ ನಿಂತದ್ದೂ ಈ ತಿಳಿವಳಿಕೆಯ ಮೇಲೆ. ಬಂದರಿಗೆ ಬರುವ, ಹೋಗುವ ಹಡಗುಗಳಿಂದ ದೀಪಸುಂಕ ಎತ್ತಬೇಕು, ಎತ್ತುವುದು ದೀಪಸ್ತಂಭ ಕಟ್ಟಲಿಕ್ಕೆ ಮತ್ತು ಕಾಪಾಡಲಿಕ್ಕೆ ಎಂದು ಅದು ಉದ್ದೇಶವನ್ನೇ ಬರೆದಿಟ್ಟಿತು. 2021ರಲ್ಲಿ ಆ ಕಾಯಿದೆಯ ಜಾಗಕ್ಕೆ ಹೊಸದು ಬಂದಿದೆ.

ಈಗ ಘಟ್ಟದ ಮೇಲಕ್ಕೆ ಬರೋಣ. ಶಿರಾಳಕೊಪ್ಪದಿಂದ ಅನತಿ ದೂರದಲ್ಲಿ ತಾಳಗುಂದ. ಅಲ್ಲಿನ ಪ್ರಣವೇಶ್ವರ ಗುಡಿಯ ಮುಂದೆ ನಿಂತ ಕಲ್ಲುಕಂಬ ಎಲ್ಲರಿಗೂ ಗೊತ್ತು. ಕಂಚಿಯಲ್ಲಿ ಅವಮಾನಗೊಂಡ ಮಯೂರಶರ್ಮ ಕತ್ತಿ ಹಿಡಿದ ಕಥೆಗಾಗಿ ಅದನ್ನು ಪಠ್ಯದಲ್ಲಿ, ಭಾಷಣದಲ್ಲಿ ನೆನೆಯುತ್ತೇವೆ. ಆದರೆ ಆ ಕಂಬವನ್ನು ನೆಟ್ಟದ್ದು ಒಂದು ಕೆರೆಯ ನೆಪದಲ್ಲಿ. ಶಿವನ ಗುಡಿಯ ಬಳಿ ಕದಂಬ ಕಾಕುತ್ಸ್ಥವರ್ಮ ಕೆರೆ ಕಟ್ಟಿಸಿದ್ದನ್ನು ಅವನ ಮಗ ಶಾಂತಿವರ್ಮನ ಕಾಲದಲ್ಲಿ, ಐದನೇ ಶತಮಾನದಲ್ಲಿ, ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ಬರೆದ. ರಾಜವಂಶದ ಕೀರ್ತಿಯೆಲ್ಲ ಒಂದು ಕೆರೆಯ ದಾಖಲೆಯ ಬೆನ್ನೇರಿ ನಮ್ಮವರೆಗೆ ಬಂದಿದೆ.

ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ, ಕಾಯುವವನ ಹೆಸರು ಉಳಿಯುವುದಿಲ್ಲ. ಕಾಯುವ ಕೆಲಸಕ್ಕೆ ಮುಂದಿನ ಶತಮಾನಗಳ ಶಾಸನಗಳು ಬೇರೊಂದು ದಾರಿ ಹುಡುಕಿದವು. ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಕೊಡಗೆ, ದಶವಂದ ಎಂಬ ಮಾತುಗಳು ಕನ್ನಡ ಶಾಸನಗಳ ತುಂಬ ಇವೆ. ಕೆರೆ ಕಟ್ಟಿಸಿದವನಿಗೋ, ಅದನ್ನು ದುರಸ್ತಿಯಲ್ಲಿ ಇಡುವವನಿಗೋ ಅದೇ ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದು ಪಾಲು ಬಿಟ್ಟುಕೊಡುವುದು ಇವುಗಳ ಸಾರ. ಹೂಳು ಹೊರುವ ಕೆರೆಬಂಡಿಗೆಂದು ದತ್ತಿ ಬಿಟ್ಟದ್ದೂ ಉಂಟು. ಈ ಏರ್ಪಾಟಿನ ಜಾಣತನವನ್ನು ಗಮನಿಸಬೇಕು. ಕೆರೆಯಲ್ಲಿ ನೀರು ನಿಂತರೆ ಮಾತ್ರ ಆ ಕೊಡಗೆ ಗದ್ದೆಗೆ ಬೆಲೆ. ಏರಿ ಬಿರುಕು ಬಿಟ್ಟರೆ ಮೊದಲು ಒಣಗುವುದು ದುರಸ್ತಿಯ ಹೊಣೆ ಹೊತ್ತವನ ಭತ್ತವೇ.

ಇಲ್ಲಿ ಒಂದು ಆಕ್ಷೇಪ ಏಳಬೇಕು, ಏಳಲಿ. ಕೆರೆ ದೀಪಸ್ತಂಭದಂತಲ್ಲ. ಮೇಲಿನ ಗದ್ದೆಯವನು ಹೆಚ್ಚು ನೀರು ತಿರುಗಿಸಿಕೊಂಡರೆ ಕೆಳಗಿನ ಗದ್ದೆಯವನಿಗೆ ಕಡಿಮೆಯಾಗುತ್ತದೆ. ತೂಬು ಮುಚ್ಚಿ ಒಬ್ಬನಿಗೆ ನೀರು ತಪ್ಪಿಸಲೂಬಹುದು. ಇಂಥದ್ದನ್ನು ಅರ್ಥಶಾಸ್ತ್ರಜ್ಞರು ಬೇರೆ ಗುಂಪಿಗೆ ಸೇರಿಸುತ್ತಾರೆ. ಎಲಿನಾರ್ ಆಸ್ಟ್ರಮ್ 1990ರ ತನ್ನ ಪುಸ್ತಕದಲ್ಲಿ ಇಂಥ ಸಾಮುದಾಯಿಕ ಸಂಪತ್ತುಗಳನ್ನೇ ಅಧ್ಯಯನ ಮಾಡಿ, 2009ರಲ್ಲಿ ನೊಬೆಲ್ ಪಡೆದಳು. ಒಪ್ಪುತ್ತೇನೆ. ಆದರೆ ಕೆರೆ ಎಂದರೆ ಕಾಲುವೆಯಲ್ಲಿ ಹರಿಯುವ ನೀರು ಮಾತ್ರವಲ್ಲ. ಅದರ ಅಂಗಳದಲ್ಲಿ ನಿಂತ ನೀರು ನೆಲಕ್ಕಿಳಿದು ಸುತ್ತಲಿನ ಬಾವಿಗಳಲ್ಲಿ ಮೇಲೇಳುತ್ತದೆ. ಆ ಬಾವಿಯವರಲ್ಲಿ ಅಚ್ಚುಕಟ್ಟಿಗೆ ಸೇರದವರೇ ಹೆಚ್ಚಿರಬಹುದು, ಅವರಿಗೆ ‘ಬೇಡ’ ಎನ್ನುವ ತೂಬು ಎಲ್ಲಿಯೂ ಇಲ್ಲ. ದನ ನೀರು ಕುಡಿಯುತ್ತವೆ, ಬಟ್ಟೆ ಒಗೆಯುತ್ತಾರೆ, ಬೇಸಿಗೆಯಲ್ಲಿ ಮೀನು ಹಿಡಿಯುತ್ತಾರೆ. ಇನ್ನು ಏರಿ. ಸೊರಬ, ಶಿಕಾರಿಪುರಗಳಲ್ಲಿ ಒಂದು ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಇನ್ನೊಂದು ಕೆರೆಗೆ ಇಳಿಯುವಂಥ ಸರಣಿಗಳಿವೆ. ಮೇಲಿನ ಏರಿ ಒಂದು ಆಷಾಢದ ರಾತ್ರಿ ಒಡೆದರೆ ಕೆಳಗಿನ ಕೆರೆಗಳೂ ಊರುಗಳೂ ಸಾಲಾಗಿ ಅಪಾಯಕ್ಕೆ ಬೀಳುತ್ತವೆ. ಗಟ್ಟಿಯಾದ ಏರಿ ಕೊಡುವ ನಿಶ್ಚಿಂತೆ ದೀಪಸ್ತಂಭದ ಬೆಳಕಿನಂಥದ್ದೇ: ಒಬ್ಬರು ನಿದ್ದೆ ಮಾಡಿದರೆಂದು ಇನ್ನೊಬ್ಬರ ನಿದ್ದೆ ಕಡಿಮೆಯಾಗದು, ಒಂದು ಪೈಸೆ ಕೊಡದವನಿಗೂ ನಿದ್ದೆ ಬರುತ್ತದೆ. ಒಂದೇ ಕೆರೆಯೊಳಗೆ ಹೀಗೆ ಹಲವು ಸರಕುಗಳಿವೆ. ಅಳೆದು ಕೊಡಬಹುದಾದ ಕಾಲುವೆ ನೀರಿಗೆ ಸಿಗುವ ಹಣದಿಂದಲೇ ಅಳೆಯಲಾಗದ ಮಿಕ್ಕದ್ದೂ ಉಳಿಯಬೇಕು. ಕೆರೆಯ ಅರ್ಥಶಾಸ್ತ್ರ ಇರುವುದು ಈ ಗಂಟಿನಲ್ಲಿ.

ಹಾಗಾದರೆ ಕೆರೆಯ ಬಂದರು ಯಾವುದು? ಕಣ. ಗದ್ದೆಯಲ್ಲಿ ಹರಿಯುವಾಗ ನೀರು ಕೈಗೆ ಸಿಗದು, ಅದು ಭತ್ತವಾಗಿ ಕಣಕ್ಕೆ ಬಂದು ರಾಶಿ ಬಿದ್ದಾಗ ಕಣ್ಣಿಗೆ ಕಾಣುತ್ತದೆ. ಆ ರಾಶಿಯಿಂದ ಕಮ್ಮಾರ, ಬಡಗಿ, ಅಗಸ, ತಳವಾರರ ಜೊತೆಗೆ ನೀರಗಂಟಿಗೂ ಆಯ ಅಳೆಯುತ್ತಿದ್ದರು. ರಾತ್ರಿ ಕಂದೀಲು ಹಿಡಿದು ತೂಬಿಗೆ ಇಳಿದವನು, ಕೊನೆಯ ಗದ್ದೆಯ ಮಡಿಗೆ ನೀರು ಮುಟ್ಟಿತೇ ಎಂದು ನೋಡಿ ಬಂದವನು, ಏರಿಯಲ್ಲಿ ಹೆಗ್ಗಣದ ಬಿಲ ಕಂಡರೆ ಗೌಡರಿಗೆ ಸುದ್ದಿ ಮುಟ್ಟಿಸಿದವನು ಅವನು. ನೀರು ಸರಿಯಾಗಿ ಬಂದ ವರ್ಷ ರಾಶಿ ದೊಡ್ಡದು, ಅವನ ಆಯವೂ ದೊಡ್ಡದು. ಟನ್ನಿಗೆ ಇಷ್ಟು ಎಂದು ಸುಂಕ ಪಡೆದ ದೀಪದವನಿಗೂ ಕಣದಲ್ಲಿ ಆಯ ಪಡೆದ ನೀರಗಂಟಿಗೂ ನಡುವೆ ನನಗೆ ವ್ಯತ್ಯಾಸ ಕಾಣುವುದಿಲ್ಲ. ಇಬ್ಬರಿಗೂ ಕೂಲಿ ಬಂದದ್ದು ಬಳಸಿದವರ ಕೈಯಿಂದ, ಬಳಸಿದ ಮೇಲೆ, ಎಲ್ಲರ ಕಣ್ಣೆದುರು.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಹಳೆಯ ಊರಿನ ಒಗ್ಗಟ್ಟಿನ ಗುಣಗಾನ ಮಾಡುವವರು ಕಣದ ಇನ್ನೊಂದು ಮುಖವನ್ನು ಮರೆಯುತ್ತಾರೆ. ನೀರಗಂಟಿಯ ಕೆಲಸ ಹಲವು ಊರುಗಳಲ್ಲಿ ದಲಿತ ಮನೆಗಳ ಪಾಲಿನ ವಂಶಪಾರಂಪರ್ಯ ಚಾಕರಿಯಾಗಿತ್ತು. ಆ ಚಾಕರಿಯನ್ನು ‘ಒಲ್ಲೆ’ ಎನ್ನುವ ಹಕ್ಕು ಅವರಿಗಿರಲಿಲ್ಲ. ಕೆರೆಯ ಹೂಳು ಹೊತ್ತವರು ಅನೇಕ ಸಲ ಬಿಟ್ಟಿ ದುಡಿದರು. ಇದೇ ಜಿಲ್ಲೆಯ ಪಕ್ಕದ ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ಎದ್ದ ಕಾಗೋಡು ಸತ್ಯಾಗ್ರಹದ ಕಿಡಿ ಹೊತ್ತಿದ್ದೇ ಅಳತೆಯ ವಿಷಯಕ್ಕೆ. ಗೇಣಿ ಭತ್ತ ಅಳೆಯುವ ಒಡೆಯರ ಕೊಳಗ ದೊಡ್ಡದು, ನ್ಯಾಯದ ಕೊಳಗದಲ್ಲಿ ಅಳೆಯಿರಿ ಎಂದು ಗೇಣಿದಾರರು ಕೇಳಿದರು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಕೂಡಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೆರೆ ಕಾಯುವವನಿಗೆ ಆಯ ಸಿಕ್ಕಿದ ಕಣದಲ್ಲೇ ಗೇಣಿದಾರನ ಹೊಟ್ಟೆಯ ಮೇಲೆ ಹೊಡೆಯುವ ಕೊಳಗವೂ ಇತ್ತು. ದೀಪದ ಸುಂಕದ ಹಿಂದೆ ದೊರೆಯ ಸನ್ನದು ಇದ್ದಂತೆ ಕಣದ ಆಯದ ಹಿಂದೆ ಜಾತಿಯ ಅಂಕೆಯೂ ಒಡೆತನದ ಗತ್ತೂ ಇದ್ದವು. ಆ ಕಣಕ್ಕೆ ಮರಳಿ ಹೋಗಬೇಕೆಂದು ಯಾರಾದರೂ ಹೇಳಿದರೆ ನಾನು ಮೊದಲು ವಿರೋಧಿಸುತ್ತೇನೆ.

ಕಣ ಮುರಿಯಬೇಕಿತ್ತು, ಮುರಿಯಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ವಂಶಪಾರಂಪರ್ಯದ ಊರಹುದ್ದೆಗಳನ್ನು ತೆಗೆಯಿತು. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆಯಿಂದ, ಉಳುವವನು ಹೊಲದೊಡೆಯನಾದ. ಈ ಎರಡನ್ನೂ ನಮ್ಮ ಸಮಾಜದ ದೊಡ್ಡ ಗಳಿಕೆ ಎಂದೇ ನಾನು ಎಣಿಸುತ್ತೇನೆ. ನನ್ನ ದೂರು ಇರುವುದು ಮುರಿದ ಕಣದ ಜಾಗದಲ್ಲಿ ಹೊಸದೊಂದನ್ನು ಕಟ್ಟದೆ ಬಿಟ್ಟದ್ದರ ಬಗ್ಗೆ. ಹೊಸ ಹಿಡುವಳಿದಾರನಿಗೆ ಹೊಲ ಬಂತು, ಕೆರೆ ಬರಲಿಲ್ಲ. ಅದು ಇಲಾಖೆಯ ಕಡತಕ್ಕೆ ಹೋಯಿತು.

ಕೆರೆ ಕಡತಕ್ಕೆ ಹೋಗುವ ಪ್ರಯಾಣ ಅದಕ್ಕೂ ಮೊದಲೇ ಶುರುವಾಗಿತ್ತು. ಬ್ರಿಟಿಷ್ ಕಮಿಷನರ್‌ಗಳ ಆಡಳಿತದಿಂದ ಈಚೆಗೆ ತರಿ ಜಮೀನಿನ ಕಂದಾಯದಲ್ಲೇ ನೀರಿನ ಬೆಲೆ ಸೇರಿಹೋಯಿತು. ಕಂದಾಯ ಖಜಾನೆಗೆ ಹೋಯಿತು. ಯಾವ ಕೆರೆಯಿಂದ ಎಷ್ಟು ಬಂತು, ಅದೇ ಕೆರೆಗೆ ಎಷ್ಟು ಮರಳಿತು ಎಂದು ಊರವರು ಕೇಳುವ ದಾರಿ ಮುಚ್ಚಿತು. 1911ರಲ್ಲಿ ಮೈಸೂರು ಸಂಸ್ಥಾನ ಕೆರೆ ಪಂಚಾಯಿತಿಗಳಿಗಾಗಿ ಒಂದು ಕಾನೂನು ತಂದು ಊರವರ ಕೈಗೆ ಹೊಣೆ ಮರಳಿಸಲು ಯತ್ನಿಸಿತು. ಆದರೆ ಹಣದ ಹರಿವು ತಿರುಗಲಿಲ್ಲ. ಇಂದು ನಲವತ್ತು ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಸಣ್ಣದು ಜಿಲ್ಲಾ ಪಂಚಾಯಿತಿಯದು. ಒತ್ತುವರಿ ಸರ್ವೆ ಕಂದಾಯ ಇಲಾಖೆಯದು, ಮೀನಿನ ಹರಾಜಿಗೆ ಇನ್ನೊಂದು ದಾರಿ. 2000ದಲ್ಲಿ ಜಲಸಂವರ್ಧನೆ ಯೋಜನಾ ಸಂಘ ಬಂತು, 2014ರಲ್ಲಿ ಕೆರೆ ಸಂರಕ್ಷಣೆಯ ಕಾಯಿದೆ ಬಂತು. ಸಮುದ್ರದ ದೀಪಕ್ಕೆ 1927ರಲ್ಲೇ ಸಿಕ್ಕಿದ ಸರಳ ನ್ಯಾಯ, ಅಂದರೆ ದೀಪದ ಹೆಸರಲ್ಲಿ ಎತ್ತಿದ್ದು ದೀಪಕ್ಕೇ ಎಂಬುದು, ರಾಜ್ಯದ ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳಿಗೆ ಈವರೆಗೆ ಸಿಕ್ಕಿಲ್ಲ.

ಅಷ್ಟರಲ್ಲಿ ಹಡಗುಗಳು ಬಂದರನ್ನೇ ಬಿಟ್ಟು ಹೋಗತೊಡಗಿದವು. ಕೊಳವೆಬಾವಿ ಬಂತು. ಕೆರೆಯ ತೂಬಿಗೆ ಕಾಯಬೇಕಿಲ್ಲ, ಸರದಿ ಬೇಕಿಲ್ಲ, ನೆರೆಯವನ ಜೊತೆ ಜಗಳ ಬೇಕಿಲ್ಲ. ಸ್ವಿಚ್ ಒತ್ತಿದರೆ ನೀರು. ಗದ್ದೆ ಅಡಿಕೆ ತೋಟವಾಯಿತು, ಮಕ್ಕಿ ಹೊಲಕ್ಕೆ ಮೆಕ್ಕೆಜೋಳ, ಶುಂಠಿ ಬಂತು. ಸೊರಬದಿಂದ ಗೆದ್ದು 1990ರಲ್ಲಿ ಮುಖ್ಯಮಂತ್ರಿಯಾದ ಎಸ್. ಬಂಗಾರಪ್ಪ ರೈತರ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಟ್ಟರು. ಶಿಕಾರಿಪುರದಿಂದ ಗೆದ್ದು 2008ರಲ್ಲಿ ಮುಖ್ಯಮಂತ್ರಿಯಾದ ಬಿ.ಎಸ್. ಯಡಿಯೂರಪ್ಪ ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಅದನ್ನು ಮತ್ತೆ ಖಾತ್ರಿ ಮಾಡಿದರು. ಅಕ್ಕಪಕ್ಕದ ಎರಡು ತಾಲ್ಲೂಕು ನಾಡಿಗೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟದ್ದು ಹೆಮ್ಮೆಯ ಮಾತು. ಬಡ ರೈತನ ಮೇಲಿನ ಕಾಳಜಿಯಿಂದಲೇ ಆ ನಿರ್ಧಾರಗಳು ಬಂದವು ಎಂದು ನಂಬುತ್ತೇನೆ. ಆದರೆ ಪರಿಣಾಮವನ್ನು ನೋಡಲೇಬೇಕು. ಕೊಳವೆಬಾವಿಗೆ ನೀರು ಊಡುವುದು ಕೆರೆ. ವಿದ್ಯುತ್ತಿನ ಬಿಲ್ಲು ಸರ್ಕಾರದ್ದು, ಕೆರೆಯ ಹೂಳು ಯಾರದ್ದೂ ಅಲ್ಲ. ಬಾವಿ ತೋಡಿಸುವ ಶಕ್ತಿ ಉಳ್ಳವರು, ಅಂದರೆ ಊರ ಸಭೆಯಲ್ಲಿ ಮಾತು ನಡೆಯುವವರು, ಕೆರೆಯ ಗೊಡವೆ ಬಿಟ್ಟ ದಿನ ಕೆರೆಯ ಪರ ಕೂಗುವ ಗಂಟಲೂ ಹೋಯಿತು. ತೂಬಿನ ನೀರನ್ನೇ ನಂಬಿ ಉಳಿದವರು ಕಾಲುವೆಯ ಕೊನೆಯಂಚಿನ ಸಣ್ಣ ಹಿಡುವಳಿಯವರು.

ಅಂಜನಾಪುರದ ಜಲಾಶಯ ಇದೇ ಕಥೆಯ ದೊಡ್ಡ ರೂಪ. ಹೊಸನಗರ ತಾಲ್ಲೂಕಿನ ಹುಂಚದ ಕಡೆ ಹುಟ್ಟಿ, ಮುಂದೆ ಮಾಸೂರಿನ ಮದಗದ ಕೆರೆಯನ್ನು ಹಾದು ತುಂಗಭದ್ರೆ ಸೇರುವ ಕುಮುದ್ವತಿಗೆ ಮೈಸೂರು ಸಂಸ್ಥಾನದ ಕಾಲದಲ್ಲಿ ಇಲ್ಲಿ ಅಡ್ಡಗಟ್ಟೆ ಬಿತ್ತು. ಅಂಥದ್ದನ್ನು ಒಂದು ಊರು ಕಟ್ಟಲಾರದು. ಪ್ರಭುತ್ವವೇ ಕಟ್ಟಬೇಕಿತ್ತು, ಕಟ್ಟಿತು. ಅದರ ಕಾಲುವೆಗಳ ಕೆಳಗೆ ಗದ್ದೆಗಳಿವೆ, ಶಿಕಾರಿಪುರ ಪಟ್ಟಣ ಅದರ ನೀರು ಕುಡಿಯುತ್ತದೆ. ಮಳೆಗಾಲದಲ್ಲಿ ಕೋಡಿ ಬಿದ್ದರೆ ಸುತ್ತಲ ಜನ ಮಕ್ಕಳುಮರಿ ಕಟ್ಟಿಕೊಂಡು ನೋಡಲು ಬರುತ್ತಾರೆ, ಬಾಗಿನ ಅರ್ಪಣೆ ನಡೆಯುತ್ತದೆ. ಇದಕ್ಕೂ ಮುಂದೆ ಹೋಗಿ ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿಯಂಥ ಯೋಜನೆಗಳು ನದಿಯಿಂದ ನೀರೆತ್ತಿ ಈ ಸೀಮೆಯ ಕೆರೆಗಳನ್ನು ತುಂಬಿಸಲು ಬಂದಿವೆ. ಕಾಕುತ್ಸ್ಥವರ್ಮನ ತಾಳಗುಂದದ ಹೆಸರು ಈಗ ಪೈಪುಗಳ ಯೋಜನೆಯಲ್ಲಿದೆ. ಬರದ ವರ್ಷಗಳನ್ನು ಕಂಡವರು ಈ ನೀರನ್ನು ಬೇಡ ಎನ್ನಲಾರರು, ನಾನೂ ಅನ್ನುವುದಿಲ್ಲ. ಆದರೆ ಪ್ರತಿ ಹನಿಗೂ ಪಂಪಿನ ಖರ್ಚು ತಗಲುವ ನೀರನ್ನು ಹೂಳು ತುಂಬಿದ, ತೂಬು ಸೋರುವ, ಕಾಯುವವನೇ ಇಲ್ಲದ ಕೆರೆಗೆ ಸುರಿಯುವುದು ನನಗೆ ಸಂಕಟ ತರುತ್ತದೆ. ನೀರು ತರುವ ಕೆಲಸಕ್ಕೆ ಟೆಂಡರ್ ಕರೆಯಬಹುದು, ಕಾಯುವ ಕೆಲಸ ಟೆಂಡರಿಗೆ ಸಿಗುವಂಥದ್ದಲ್ಲ.

ಏನು ಮಾಡಬಹುದು? ಪ್ರತಿ ಕೆರೆಗೆ ಒಂದು ಖಾತೆ ಬೇಕು. ಅದರ ಅಚ್ಚುಕಟ್ಟಿನ ನೀರಿನ ಕರ, ಮೀನಿನ ಹರಾಜು, ಹೂಳು ಮಣ್ಣಿನ ಹಣ ಎಲ್ಲ ಆ ಖಾತೆಗೇ ಬರಬೇಕು. ಕೆರೆಯ ಬಳಿಯ ಕೊಳವೆಬಾವಿಯವರೂ ಅದಕ್ಕೆ ಕೊಡಬೇಕು. ಅವರು ಬೆಳಕು ಕಂಡ ಹಡಗಿನವರು. ಅಡಿಕೆ ಮಂಡಿಗೆ ಬಂದು ತೂಕವಾಗುವ ಹೊತ್ತು ಅವರ ಬಂದರು. ವಿದ್ಯುತ್ ಉಚಿತವಾಗಿಯೇ ಇರಲಿ, ಕೆರೆಯ ಪಾಲನ್ನು ಬಿಡುವುದು ಬೇಡ. ‘ರೈತನ ಮೇಲೆ ಮತ್ತೊಂದು ಹೊರೆಯೇ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಎಕರೆ ಅಡಿಕೆಯವನಿಗೂ ಅರ್ಧ ಎಕರೆ ಭತ್ತದವನಿಗೂ ಒಂದೇ ದರ ಹಾಕಿದರೆ ಅದು ಹೊರೆಯೇ. ತೋಟಕ್ಕೆ ಹೆಚ್ಚು, ಸಣ್ಣ ಗದ್ದೆಗೆ ಹೆಸರಿಗಷ್ಟು ಎಂದು ಮಾಡಬಹುದು. ಹೊರೆ ಈಗಲೂ ಇದೆ: ಒಂದು ಬಾವಿ ಬತ್ತಿತೆಂದು ಎರಡನೆಯದು, ಮೂರನೆಯದು ಕೊರೆಸಿ ಸಾಲಕ್ಕೆ ಬಿದ್ದವರು ಅದನ್ನು ಬಡ್ಡಿ ಸಮೇತ ಹೊರುತ್ತಿದ್ದಾರೆ. ದೊಡ್ಡ ಕೆಲಸ, ಅಂದರೆ ಏರಿ ಬಲಪಡಿಸುವುದು, ಒತ್ತುವರಿ ತೆರವು, ನದಿಯ ನೀರು ತರುವುದು, ಸರ್ಕಾರದ್ದೇ ಇರಬೇಕು. ಅದರಿಂದ ಅದು ಕೈ ತೊಳೆದುಕೊಳ್ಳಲು ನಾನು ಬಿಡುವುದಿಲ್ಲ. ನೀರಗಂಟಿಯ ಸಂಬಳ ಮಾತ್ರ ಬಳಸುವವರ ಖಾತೆಯಿಂದ ಬರಲಿ. ಆ ಕೆಲಸ ಯಾವ ಜಾತಿಗೂ ಕಟ್ಟಿದ್ದಾಗಿರಬಾರದು, ಊರಿನ ಕಲಿತ ಯುವಕ ಯುವತಿಯರು ಅರ್ಜಿ ಹಾಕುವಷ್ಟು ಸಂಬಳ ಇರಬೇಕು. ಕೆರೆ ಸಮಿತಿಯಲ್ಲಿ ಕೊನೆಯಂಚಿನ ಗದ್ದೆಯವರು, ಮೀನು ಹಿಡಿಯುವವರು, ಜಮೀನಿಲ್ಲದವರು, ದನ ಕಟ್ಟಿದ ಹೆಂಗಸರು ಕೂತಿರಬೇಕು.

ಆ ಖಾತೆಯ ಪುಸ್ತಕವನ್ನು ಸುಗ್ಗಿ ಮುಗಿದ ಮೇಲೆ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಮಳೆಯಿಂದ ಎಷ್ಟು ಅಡಿ ನೀರು ಬಂತು, ಏತದಿಂದ ಎಷ್ಟು, ತೂಬು ಎಷ್ಟು ದಿನ ತೆರೆದಿತ್ತು, ಕೊನೆಯ ಗದ್ದೆಗೆ ಯಾವ ದಿನ ನೀರು ಮುಟ್ಟಿತು, ಮೀನು ಎಷ್ಟಕ್ಕೆ ಹೋಯಿತು, ಯಾರ ಕರ ಬಾಕಿ, ನೀರಗಂಟಿಗೆ ಎಷ್ಟು ತಿಂಗಳ ಸಂಬಳ ಕೊಟ್ಟಿದೆ. ಓದುವುದು ಇಲಾಖೆಯವರ ಬದಲು ಆ ವರ್ಷ ಏರಿಯ ಮೇಲೆ ನಡೆದಾಡಿದ ನೀರಗಂಟಿಯೇ ಆಗಿರಲಿ. ಕಾಲೇಜಿಗೆ ಹೋಗುವ ಆ ಹುಡುಗಿ ರಜೆಯಲ್ಲಿ ಊರಿನಲ್ಲಿದ್ದರೆ ಅವಳೂ ಬಂದು ಕೂರಲಿ, ಲೆಕ್ಕದಲ್ಲಿ ತಪ್ಪು ಕಂಡರೆ ಎದ್ದು ಕೇಳಲಿ.